ಹೊಟ್ಟೆ ತುಂಬದ ನೀರು

ಮೂರನೇ ಮಷೀನು ನೆಲದೊಳಗೆ ಹೋದದ್ದನ್ನು ನಾನು ಕಣ್ಣಾರೆ ಕಂಡೆ. ಲಾಂಡ್ರಿಯಕ್ಕ ಮೇಜಿನ ಆ ಕಡೆ ನಿಂತು ನನ್ನ ಶರ್ಟುಗಳ ಕಟ್ಟಿಗೆ ದಾರ ಸುತ್ತುತ್ತಿದ್ದಳು. ಅವಳ ಬೆನ್ನ ಹಿಂದೆ ಗೋಡೆಯುದ್ದಕ್ಕೂ ನಾಲ್ಕು ದೊಡ್ಡ ಮಷೀನುಗಳು ತಿರುಗುತ್ತಿದ್ದವು. ಪಿಂಗಾಣಿ ತಟ್ಟೆ ಸೀಳಿದಂಥ ಒಂದು ಸದ್ದು ಬಂತು. ಅವಳು ತಿರುಗಿ ನೋಡಿದಳು, ನಾನೂ ನೋಡಿದೆ. ಬಿದ್ದದ್ದೇನನ್ನೋ ಎತ್ತಿಕೊಳ್ಳಲು ಬಗ್ಗಿದ ಹಾಗೆ ಮಷೀನು ಒಂದು ಕಡೆಗೆ ವಾಲಿತು. ಆಮೇಲೆ ಅಲ್ಲಿರಲಿಲ್ಲ. ಅದಿದ್ದ ಜಾಗದಲ್ಲಿ ಒಂದು ಕಪ್ಪು ಗುಂಡಿ. ಕರೆಂಟಿನ ವೈರು ಗೋಡೆಯಿಂದ ಆ ಗುಂಡಿಯೊಳಗೆ ಬಿಗಿದು ನಿಂತಿತ್ತು. ಕೆಳಗೆ ಎಲ್ಲೋ ಆಳದಲ್ಲಿ ಮಷೀನು ಇನ್ನೂ ತಿರುಗುತ್ತಿರುವುದು ಕೇಳುತ್ತಿತ್ತು. ವೈರು ಪಟ್ಟೆಂದು ಕಿತ್ತು ಬಂದ ಮೇಲೆ ಆ ಸದ್ದೂ ನಿಂತಿತು.

ಗುಂಡಿಯ ಅಂಚಿನಲ್ಲಿ ಅವಳ ನಾದಿನಿ ಒದ್ದೆ ದುಪ್ಪಟಿಯೊಂದನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಅವಳ ಚಪ್ಪಲಿಯ ತುದಿ ಖಾಲಿ ಜಾಗದ ಮೇಲಿತ್ತು.

"ಅತ್ತಿಗೆ," ಅಂದಳು, ತೀರಾ ಮೆಲ್ಲಗೆ. "ನೆಲ ಎಲ್ಲಿ?"

ಇಬ್ಬರೂ ಬೀದಿಗೆ ಬೇಕಾದವರು. ಲಾಂಡ್ರಿಯಕ್ಕ ಸೊಸೆಯಾಗಿ ಆ ಮನೆಗೆ ಬಂದಾಗ ಒಂದೇ ಮಷೀನಿತ್ತು, ಅದೂ ಗಂಡ ಎಲ್ಲಿಂದಲೋ ಹಳೆಯದನ್ನು ತಂದು ಕೂರಿಸಿದ್ದು. ಗಂಡ ಒಂದು ದಿನ ಎದೆನೋವು ಅಂತ ಕುರ್ಚಿಯಲ್ಲಿ ಕೂತವನು ಮತ್ತೆ ಏಳಲಿಲ್ಲ. ಅತ್ತಿಗೆ, ನಾದಿನಿ ಇಬ್ಬರೇ ಉಳಿದರು. ಅಂಗಡಿ ಮುಚ್ಚುತ್ತದೆ ಎಂದುಕೊಂಡವರು ನಾವೆಲ್ಲ. ಅವರು ಮುಚ್ಚಲಿಲ್ಲ, ಒಂದಿದ್ದದ್ದನ್ನು ನಾಲ್ಕು ಮಾಡಿದರು. ಊರಿನ ಎರಡು ಹೋಟೆಲುಗಳ ದುಪ್ಪಟಿ, ಮೇಜುಬಟ್ಟೆಗಳೆಲ್ಲ ಅವರಲ್ಲಿಗೇ ಬರುತ್ತಿದ್ದವು. ಅತ್ತಿಗೆಯದು ಕಡಿಮೆ ಮಾತು. ನಾದಿನಿಯ ಬಾಯಿಗೆ ಬೀಗವೇ ಇರಲಿಲ್ಲ. ಬಟ್ಟೆ ಕೊಡಲು ಹೋದವರು ಅರ್ಧ ಗಂಟೆ ನಿಂತು, ಯಾರ ಮನೆಯ ಅಳಿಯ ಯಾರ ಜೊತೆ ಮುನಿಸಿಕೊಂಡ ಎಂಬುದನ್ನೆಲ್ಲ ಕೇಳಿಕೊಂಡೇ ಬರಬೇಕಿತ್ತು.

ಲಾಂಡ್ರಿಯಕ್ಕ ಶಾಲೆಯ ಮೆಟ್ಟಿಲು ಹೆಚ್ಚು ಹತ್ತಿದವಳಲ್ಲ. ಆದರೆ ಯಾವುದು ಯಾವುದರಲ್ಲಿ ಕರಗುತ್ತದೆ ಎನ್ನುವುದು ಅವಳಿಗೆ ಕರತಲಾಮಲಕ. ಹಣ್ಣಿನ ರಸ ನೀರಿಗೆ ಬಿಡುತ್ತದೆ, ಗ್ರೀಸು ನೀರಿನ ಮುಖ ಸಹ ನೋಡುವುದಿಲ್ಲ, ಅದಕ್ಕೆ ಅದರ ಜಾತಿಯದೇ ಎಣ್ಣೆಯಂಥ ದ್ರವ ಬೇಕು. ಪೆನ್ನಿನ ಶಾಯಿಗೆ ಸ್ಪಿರಿಟ್ಟು. ರಕ್ತಕ್ಕೆ ತಣ್ಣೀರು ಮಾತ್ರ, ಬಿಸಿನೀರು ತಗುಲಿದರೆ ಕಲೆ ಕೂತೇ ಹೋಗುತ್ತದೆ. ಸೋಪಿನ ಗಟ್ಟಿಯನ್ನು ಹಾಗೇ ನೀರಿಗೆ ಎಸೆಯುವವರನ್ನು ಕಂಡರೆ ಅವಳಿಗೆ ನಗು. ಅವಳು ಅದನ್ನು ತುರಿದು ನಾರಿನಂತೆ ಮಾಡಿ, ಬಿಸಿನೀರಿನ ಮಗ್ಗಿಗೆ ಹಾಕಿ, ಕೋಲಿನಿಂದ ಗರಗರ ತಿರುಗಿಸಿ, ಒಂದು ಚೂರೂ ಉಳಿಯದಂತೆ ಕರಗಿದ ಮೇಲೇ ಮಷೀನಿಗೆ ಸುರಿಯುತ್ತಿದ್ದಳು.

"ಉಜ್ಜೋದು ಬಟ್ಟೆಗೆ ಶಿಕ್ಷೆ," ಎಂದು ಒಮ್ಮೆ ನನಗೆ ಹೇಳಿದ್ದಳು. "ಕೊಳೇನ ಕರಗಿಸ್ಬೇಕು. ಅದು ತಾನಾಗೇ ಬಿಟ್ಟು ಹೋಗುತ್ತೆ."

ಅವಳನ್ನು ಗೋಳುಹೊಯ್ದುಕೊಂಡದ್ದು ನಮ್ಮೂರ ನೀರು. ಊರಾಚೆಯ ಆಳದ ಬಾವಿಗಳಿಂದ ಬರುವ ಗಡಸು ನೀರು ಅದು. ಸೋಪು ನೊರೆ ಕಟ್ಟುವ ಬದಲು ಬೂದು ಬಣ್ಣದ ಜಿಡ್ಡಾಗಿ ಬಟ್ಟೆಗೆ ಮೆತ್ತಿಕೊಳ್ಳುತ್ತಿತ್ತು. ಬಿಳಿ ದುಪ್ಪಟಿ ನಾಲ್ಕು ಸಲ ಒಗೆಯುವಷ್ಟರಲ್ಲಿ ರಟ್ಟಿನಂತಾಗುತ್ತಿತ್ತು. ನೀರು ಕಾಯಿಸುವ ಸುರುಳಿಗಳ ಮೇಲೆ ಕಲ್ಲು ಕಟ್ಟುತ್ತಿತ್ತು. ಚರಂಡಿಯ ಪೈಪಂತೂ ವಾರಕ್ಕೊಮ್ಮೆ ಕಟ್ಟಿಕೊಂಡು, ನೊರೆನೀರು ಹಿಂದಕ್ಕೆ ಉಕ್ಕಿ ಅಂಗಡಿ ತುಂಬ ಹರಡುತ್ತಿತ್ತು. ನಾದಿನಿ ಉದ್ದನೆಯ ತಂತಿ ಹಿಡಿದು ಅದನ್ನು ಚುಚ್ಚುತ್ತಾ, ಪೈಪು ಹಾಕಿದವನ ವಂಶವನ್ನೆಲ್ಲ ಜಾಲಾಡುತ್ತಿದ್ದಳು.

ಕೊನೆಗೆ ಅವರು ನೀರು ಮೆದು ಮಾಡುವ ಯಂತ್ರ ತರಿಸಿದರು. ಆಳೆತ್ತರದ ನೀಲಿ ಡ್ರಮ್ಮು. ಅದಕ್ಕೆ ಮೂಟೆಗಟ್ಟಲೆ ಉಪ್ಪು ಸುರಿಯಬೇಕು. ನೀರಿನಲ್ಲಿರುವ ಸುಣ್ಣದ ಅಂಶವನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ, ಆಗಾಗ ತನ್ನನ್ನು ತಾನೇ ಉಪ್ಪುನೀರಿನಿಂದ ತೊಳೆದುಕೊಂಡು ಆ ನೀರನ್ನು ಚರಂಡಿಗೆ ಬಿಡುತ್ತದೆ. ನಾದಿನಿ ಅದಕ್ಕೆ 'ಉಪ್ಪಿನ ಮಾವ' ಎಂದು ಹೆಸರಿಟ್ಟಳು. ಎಷ್ಟು ತಿಂದರೂ ಸಾಲದು, ಇಡೀ ದಿನ ಮೂಲೆಯಲ್ಲಿ ನಿಂತು ಗೊರಗೊರ ಅನ್ನುತ್ತಾನೆ ಎಂದು.

ಉಪ್ಪಿನ ಮಾವ ಬಂದ ಮೇಲೆ ಲಾಂಡ್ರಿಯ ದೆಸೆಯೇ ಬದಲಾಯಿತು. ಸೋಪು ಅರ್ಧ ಸಾಕಾಯಿತು. ದುಪ್ಪಟಿಗಳು ಹತ್ತಿಯಂತೆ ಮೆತ್ತಗೆ ಬರತೊಡಗಿದವು. ಎಲ್ಲಕ್ಕಿಂತ ದೊಡ್ಡ ನೆಮ್ಮದಿ ಎಂದರೆ, ಸ್ವಲ್ಪ ಕಾಲ ಕಳೆದ ಮೇಲೆ ಚರಂಡಿ ಕಟ್ಟಿಕೊಳ್ಳುವುದೇ ನಿಂತುಹೋಯಿತು. ತಂತಿ ಮೂಲೆ ಸೇರಿ ತುಕ್ಕು ಹಿಡಿಯಿತು. ಎಷ್ಟೇ ನೀರು ಬಿಟ್ಟರೂ ಸರ್ರನೆ ಇಳಿದುಹೋಗುತ್ತಿತ್ತು. ಬಂದವರಿಗೆಲ್ಲ ಲಾಂಡ್ರಿಯಕ್ಕ ಅದನ್ನು ಹೇಳಿಕೊಂಡು ಸಂತೋಷಪಡುತ್ತಿದ್ದಳು. ಮೆದು ನೀರಲ್ಲಿ ಜಿಡ್ಡಾಗುವುದಿಲ್ಲ, ಅದಕ್ಕೇ ಪೈಪು ಶುಭ್ರವಾಗಿದೆ ಎಂದು ಅವಳೂ ನಂಬಿದ್ದಳು, ನಾವೂ ನಂಬಿದ್ದೆವು.

ಗೋಡೆಯ ಆ ಕಡೆ ಗಡಿಯಾರದಜ್ಜನ ಅಂಗಡಿ. ಹಳೆಯ ಲೋಲಕದ ಗಡಿಯಾರ ರಿಪೇರಿ ಮಾಡುವವರು ಊರಿನಲ್ಲಿ ಅವರೊಬ್ಬರೇ. ಸಾಲಾಗಿ ತೂಗುಹಾಕಿದ ಗಡಿಯಾರಗಳ ಲಯ ಇದ್ದಕ್ಕಿದ್ದ ಹಾಗೆ ತಪ್ಪತೊಡಗಿತ್ತು. ಟಿಕ್ ಟಿಕ್ ಎನ್ನಬೇಕಾದದ್ದು ಕುಂಟನ ನಡಿಗೆಯ ಹಾಗೆ ಟಿಕ್… ಟಿಟಿಕ್ ಎನ್ನುತ್ತಿತ್ತು. ಅಜ್ಜ ಮಡಚಿದ ಕಾಗದವನ್ನು ಗಡಿಯಾರದ ಹಿಂದೆ ಸಿಕ್ಕಿಸಿ ನೆಟ್ಟಗೆ ಮಾಡುತ್ತಿದ್ದರು. ಕೆಲವು ವಾರ ಸರಿ ಇದ್ದು ಮತ್ತೆ ಅದೇ ಕಥೆ.

"ನಿನ್ನ ಮಷೀನುಗಳ ಕುಣಿತಕ್ಕೆ ನನ್ನ ಗಡಿಯಾರಗಳಿಗೆ ತಲೆ ತಿರುಗ್ತಿದೆ," ಎಂದು ಅವರು ದೂರುತ್ತಿದ್ದರು.

"ನಿಮ್ಮ ಗಡಿಯಾರಗಳಿಗೆ ವಯಸ್ಸಾಯ್ತು ಅಜ್ಜ. ಕೂತು ಉಣ್ಣೋ ವಯಸ್ಸಲ್ಲಿ ತೂಗಾಡಿಸಿದ್ರೆ ಏನ್ಮಾಡ್ತಾವೆ?" ಎಂದು ನಾದಿನಿ ಗೋಡೆಯಾಚೆಯಿಂದಲೇ ಉತ್ತರ ಕೊಡುತ್ತಿದ್ದಳು.

ಇದೆಲ್ಲ ತಮಾಷೆಯಾಗಿಯೇ ನಡೆದಿತ್ತು. ಆ ಮಧ್ಯಾಹ್ನದವರೆಗೆ.

ನಾದಿನಿ "ನೆಲ ಎಲ್ಲಿ" ಎಂದು ಕೇಳಿದಾಗ ನಾನು ನಿಂತಲ್ಲೇ ನಿಂತಿದ್ದೆ. ಲಾಂಡ್ರಿಯಕ್ಕ ಮಾತ್ರ ಮೇಜನ್ನು ಬಳಸಿ ಹೋಗಿ, ಹಿಂದಿನಿಂದ ಅವಳ ಸೊಂಟಕ್ಕೆ ಕೈಹಾಕಿ, ಒಂದೇ ಸಲಕ್ಕೆ ಎಳೆದುಕೊಂಡು ಕೂತುಬಿಟ್ಟಳು. ಇಬ್ಬರೂ ಒಟ್ಟಿಗೆ ಬಿದ್ದರು. ನಾದಿನಿ ನಿಂತಿದ್ದ ಹಾಸುಗಲ್ಲು, ಅವಳು ಬಿಟ್ಟ ಮರುಕ್ಷಣವೇ, ಸದ್ದಿಲ್ಲದೆ ಜಾರಿ ಕೆಳಗೆ ಹೋಯಿತು. ಅದು ನೀರಿಗೆ ಬಿದ್ದ ಸದ್ದು ಬರಲು ತಡವಾಯಿತು. ಆ ತಡ ಈಗಲೂ ನನ್ನ ಕಿವಿಯಲ್ಲಿದೆ.

ಆಮೇಲೆ ಗೋಡೆ ಬಿರಿಯಿತು. ಎರಡು ಅಂಗಡಿಗಳ ನಡುವಿನ ಗೋಡೆ ಬುಡದಿಂದ ಮೇಲಕ್ಕೆ ಬಾಯಿಬಿಟ್ಟು, ಅದರ ಕೆಳಭಾಗ ಗುಂಡಿಯೊಳಕ್ಕೆ ಕುಸಿಯಿತು. ಆಚೆ ಕಡೆಯ ಗಡಿಯಾರಗಳು ಒಂದೊಂದಾಗಿ ಕಳಚಿಕೊಳ್ಳುತ್ತಿದ್ದದ್ದು ನಮಗೆ ಕಾಣುತ್ತಿತ್ತು. ಕೆಲವು ಬೀಳುತ್ತಾ ಗಂಟೆ ಹೊಡೆದವು.

ಊಟವಾದ ಮೇಲೆ ಅಂಗಡಿಯ ಹಿಂಭಾಗದಲ್ಲಿ ಮಂಚದ ಮೇಲೆ ಒಂದಿಷ್ಟು ಕಣ್ಣು ಮುಚ್ಚುವುದು ಅಜ್ಜನ ಅಭ್ಯಾಸ. ಅದು ನೆನಪಾದದ್ದು ನಮಗೆ ಮೂವರಿಗೂ ಒಟ್ಟಿಗೇ ಇರಬೇಕು. ಲಾಂಡ್ರಿಯಕ್ಕ ಹೊಟ್ಟೆಯ ಮೇಲೆ ಮಲಗಿ ಅಂಚಿನವರೆಗೆ ತೆವಳಿದಳು. ನಾನು ಅವಳ ಕಾಲು ಹಿಡಿದುಕೊಂಡೆ.

"ಅಜ್ಜಾ," ಎಂದು ಕೂಗಿದಳು.

ಕೆಳಗಿನಿಂದ ಒಂದು ಕೆಮ್ಮು ಕೇಳಿಸಿತು. ಆಮೇಲೆ ಅಜ್ಜನ ದನಿ, ದಿನದ ದನಿಯಂತೆಯೇ: "ಇಲ್ಲೇ ಇದೀನಮ್ಮ. ನನ್ನ ಕನ್ನಡಕ ಅಲ್ಲೇನಾದ್ರೂ ಬಿದ್ದಿದೆಯಾ ನೋಡು."

ಅವರು ಎರಡಾಳು ಆಳದಲ್ಲಿ, ಮಂಚದ ಸಮೇತ, ಗುಂಡಿಯ ಗೋಡೆಯಿಂದ ಹೊರಚಾಚಿದ ಒಂದು ಬಿಳಿ ಬಂಡೆಯ ಮೇಲೆ ಸಿಕ್ಕಿಕೊಂಡಿದ್ದರು. ಅದರ ಕೆಳಗೆ ನೀರು. ಬಲಗೈಯ ಮೇಲೆ ದೊಡ್ಡ ಗಡಿಯಾರದ ಪೆಟ್ಟಿಗೆ ಕೂತಿತ್ತು. ಆ ಕೈ ತನಗೆ ಗೊತ್ತೇ ಆಗುತ್ತಿಲ್ಲ ಎಂದರು. ಅಗ್ನಿಶಾಮಕ ದಳದವರು ಬರುವವರೆಗೆ ಲಾಂಡ್ರಿಯಕ್ಕ ಅಲ್ಲಿಂದ ಅಲುಗಲಿಲ್ಲ. ದುಪ್ಪಟಿಗಳನ್ನು ಗಂಟುಹಾಕಿ ಕೆಳಗೆ ಬಿಟ್ಟು, ಎಡಗೈಗೆ ಸುತ್ತಿಕೊಳ್ಳಿ ಎಂದಳು. ಎಳೆಯುವುದಕ್ಕಲ್ಲ, ಮಂಚ ಜಾರಿದರೆ ಹಿಡಿಯುವುದಕ್ಕೆ. ಮಂಚ ಜಾರಿದ್ದರೆ ಅವಳೂ ಹೋಗುತ್ತಿದ್ದಳು, ಬಹುಶಃ ನಾನೂ. ಆ ಯೋಚನೆ ನನಗೆ ಬಂದದ್ದು ಮನೆಗೆ ಹೋಗಿ ನೀರಿನ ಲೋಟ ಹಿಡಿದಾಗ.

ಅಜ್ಜನನ್ನು ಜೀವಂತವಾಗಿ ಮೇಲಕ್ಕೆತ್ತಿದರು. ಬೀದಿಯ ಎರಡೂ ತುದಿಗೆ ಹಗ್ಗ ಕಟ್ಟಿದರು. ಆ ಸಾಲಿನ ಮನೆಗಳವರನ್ನೆಲ್ಲ ಹೊರಗೆ ಕಳಿಸಿದರು. ಲಾಂಡ್ರಿಯಕ್ಕ ಮತ್ತು ನಾದಿನಿ ನಮ್ಮ ಮನೆಯ ಮುಂಗೋಣೆಗೆ ಬಂದರು. ನಾದಿನಿ ಗೋಡೆಗೆ ಒರಗಿ ಕೂತಳು. ಚಹಾ ಕೊಟ್ಟರೆ ಕುಡಿದಳು, ಊಟ ಕೊಟ್ಟರೆ ಮಾಡಿದಳು. ಒಂದು ಮಾತಿಲ್ಲ.

ನೆಲದ ಪರೀಕ್ಷೆಗೆಂದು ದೊಡ್ಡ ಊರಿನಿಂದ ಒಬ್ಬ ಹೆಂಗಸು ಬಂದರು. ಯಾವಾಗಲೂ ಜೇಬಿನಲ್ಲಿ ಕಲ್ಲು ಇಟ್ಟುಕೊಂಡೇ ಓಡಾಡುತ್ತಿದ್ದುದರಿಂದ ಬೀದಿಯವರು ಅವರನ್ನು ಕಲ್ಲು ಮೇಡಂ ಎಂದರು. ಅವರು ಗುಂಡಿಗೆ ಇಳಿದರು, ಕೊಳವೆಯಿಂದ ನೆಲ ಕೊರೆದರು, ಚರಂಡಿಗೆ ಬಣ್ಣದ ನೀರು ಬಿಟ್ಟು ಅದು ಎಲ್ಲಿ ಹೊರಬರುತ್ತದೆ ಎಂದು ಕಾದರು. ಬೀದಿಯ ಮೋರಿಗೆ ಒಂದು ಹನಿಯೂ ಬರಲಿಲ್ಲ. ಬಣ್ಣವೆಲ್ಲ ಗುಂಡಿಯ ಗೋಡೆಯಿಂದ ಇಳಿಯಿತು.

ಆ ಸಂಜೆ ಅವರು ನಮ್ಮ ಮನೆಯ ಮೆಟ್ಟಿಲ ಮೇಲೆ ಲಾಂಡ್ರಿಯಕ್ಕನ ಪಕ್ಕದಲ್ಲಿ ಕೂತು, ಜೇಬಿನಿಂದ ಒಂದು ಬಿಳಿ ಕಲ್ಲು ತೆಗೆದು ಕೈಗಿಟ್ಟರು.

"ಉಗುರಲ್ಲಿ ಗೀರಿ ನೋಡಿ."

ಅವಳು ಗೀರಿದಳು. ಗೆರೆ ಮೂಡಿತು.

"ಜಿಪ್ಸಮ್ ಇದು. ನಿಮ್ಮ ಬೀದಿ ಪೂರ್ತಿ ಇದರ ಮೇಲೆ ಕೂತಿದೆ. ಇದು ನೀರಲ್ಲಿ ಕರಗುತ್ತೆ."

"ಕಲ್ಲು ಕರಗುತ್ತಾ?"

"ಉಪ್ಪು, ಸಕ್ಕರೆ ಥರ ಕೈಬಿಚ್ಚಿ ಕರಗಲ್ಲ. ತುಂಬ ಜಿಪುಣ. ಒಂದು ಲೀಟರ್ ನೀರಿಗೆ ಅರ್ಧ ಚಮಚ ಅಷ್ಟೇ. ಅಲ್ಲಿಗೆ ನೀರಿನ ಹೊಟ್ಟೆ ತುಂಬಿತು. ಆಮೇಲೆ ಎಷ್ಟು ಕಲಸಿ, ಎಷ್ಟು ಹೊತ್ತು ಇಡಿ, ಒಂದು ಕಾಳೂ ಜಾಸ್ತಿ ತಗೊಳ್ಳಲ್ಲ."

"ಬಿಸಿ ಮಾಡಿದ್ರೆ ತಗೊಳ್ಳುತ್ತೆ," ಎಂದಳು ಲಾಂಡ್ರಿಯಕ್ಕ. ಇಷ್ಟು ವರ್ಷ ಬಿಸಿನೀರಿನ ಮಗ್ಗು ಹಿಡಿದ ಕೈ ಅದು.

"ಸಕ್ಕರೆ ತಗೊಳ್ಳುತ್ತೆ, ಸೋಪು ತಗೊಳ್ಳುತ್ತೆ. ಇದು ಉಲ್ಟಾ. ನೀರು ಜಾಸ್ತಿ ಕಾದಷ್ಟೂ ಕಮ್ಮಿ ಕರಗುತ್ತೆ. ನಿಮ್ಮ ಹೀಟರ್ ಸುರುಳಿಗೆ ಕಲ್ಲು ಕಟ್ಟುತ್ತಿತ್ತಲ್ಲ, ಅದು ಇದೇ. ತಣ್ಣೀರಲ್ಲಿ ಕರಗಿ ಬಂದದ್ದು ಬಿಸಿಯಾದಾಗ ಕೈಬಿಟ್ಟಿದೆ."

ಲಾಂಡ್ರಿಯಕ್ಕ ಕಲ್ಲನ್ನು ಅಂಗೈಯಲ್ಲಿ ತಿರುಗಿಸುತ್ತಲೇ ಇದ್ದಳು. ಅವಳ ಮುಖದಲ್ಲಿ ಏನೋ ನಿಧಾನವಾಗಿ ಬದಲಾಗುತ್ತಿರುವುದನ್ನು ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

"ನಮ್ಮೂರ ನೀರೂ ಈ ಕಲ್ಲಿಂದಾನೇ ಬರೋದಾ?"

"ಹೌದು. ಬಾವಿಗಳೆಲ್ಲ ಇದರಲ್ಲೇ ಇವೆ."

"ಅಂದ್ರೆ ಅದು ಮೊದಲೇ ಹೊಟ್ಟೆ ತುಂಬಿದ ನೀರು."

ಮೇಡಂ ತಲೆಯಾಡಿಸಿದರು. ಮುಂದಿನ ಮಾತನ್ನು ಹೇಳುವುದೋ ಬೇಡವೋ ಎಂದು ಅವರು ತಡವರಿಸುವಷ್ಟರಲ್ಲಿ ಅವಳೇ ಹೇಳಿದಳು.

"ಆ ನೀರು ಸೋರಿದ್ರೆ ಏನೂ ಆಗ್ತಿರ್ಲಿಲ್ಲ. ನಾನು ಅದರ ಹೊಟ್ಟೆ ಖಾಲಿ ಮಾಡಿ ಕಳಿಸಿದೆ."

"ನೆಲದಡಿ ಚರಂಡಿ ಪೈಪಿನ ಕೀಲು ಬಿಟ್ಟು ನೀರೆಲ್ಲ ಕಲ್ಲಿಗೆ ಇಳಿದದ್ದು ನಿಮ್ಮಿಂದ ಅಲ್ಲ. ನೀವು ಈ ಮನೆಗೆ ಬರೋಕೆ ಮುಂಚೆ ಹಾಕಿದ್ದು ಅದು."

"ಆದ್ರೆ ನೀರು ನನ್ನದು."

"ನೀರು ನಿಮ್ಮದು," ಎಂದು ಮೇಡಂ ಒಪ್ಪಿಕೊಂಡರು. ಸುಳ್ಳು ಸಮಾಧಾನ ಹೇಳುವ ಜಾಯಮಾನ ಅವರದಲ್ಲ ಅನಿಸುತ್ತದೆ. "ಮೆದು ನೀರಿಗೆ ಈ ಕಲ್ಲನ್ನ ಇನ್ನಷ್ಟು ಕರಗಿಸಿಕೊಳ್ಳೋ ಜಾಗ ಇರುತ್ತೆ. ಅದರ ಜೊತೆ ಯಂತ್ರ ಉಪ್ಪುನೀರು ಬೇರೆ ಬಿಡುತ್ತೆ. ಉಪ್ಪುನೀರಲ್ಲಿ ಈ ಕಲ್ಲು ಎರಡರಷ್ಟು, ಮೂರರಷ್ಟು ಕರಗುತ್ತೆ. ನಿಂತ ನೀರಾಗಿದ್ರೆ ಅಷ್ಟಕ್ಕೇ ಸುಮ್ಮನಾಗ್ತಿತ್ತು. ನಿಮ್ಮದು ದಿನಾ ಹರಿಯೋ ನೀರು. ಹೊಟ್ಟೆ ತುಂಬಿದ್ದು ಮುಂದೆ ಹೋಗುತ್ತೆ, ಖಾಲಿ ಹೊಟ್ಟೆಯದು ಹಿಂದಿಂದ ಬರುತ್ತೆ. ಕಲ್ಲಲ್ಲಿ ಬಿರುಕು ಜಾಸ್ತಿ ಆದಷ್ಟೂ ನೀರು ತಾಗೋ ಮೈ ಜಾಸ್ತಿ. ಹಂಗೆ ವರ್ಷಕ್ಕೆ ಒಂದು ಚಿಕ್ಕ ಲಾರಿಯಷ್ಟು ಕಲ್ಲು ಹೋಗಿದೆ."

ಲಾಂಡ್ರಿಯಕ್ಕ ಕಲ್ಲನ್ನು ಮೆಟ್ಟಿಲ ಮೇಲಿಟ್ಟಳು.

"ಚರಂಡಿ ಕಟ್ಟಿಕೊಳ್ಳೋದು ನಿಂತಾಗ," ಎಂದಳು ಆಮೇಲೆ, "ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ."

ಅಷ್ಟು ಹೇಳಿ ಎದ್ದು ಹಿತ್ತಿಲಿಗೆ ಹೋದಳು.

ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳು ಆಮೇಲೆ ನನಗೆ ಹೇಳಿದ್ದುಂಟು. ಮನೆ ಬಿಟ್ಟವರೂ ಅವಳನ್ನು ಕಂಡರೆ ಪಾಪ ಎಂದು ಬೆನ್ನು ಸವರುತ್ತಿದ್ದರು. ಅವರಿಗೆ ಕಾರಣ ಅರ್ಥವಾಗಿರಲಿಲ್ಲ. ಅವಳು ವಿವರಿಸಲು ಹೋದರೆ, ನೀರಿಗೆ ಎಲ್ಲಾದರೂ ಹಸಿವಾಗುತ್ತದೆಯೇ, ಇವಳಿಗೆ ಆಘಾತದಿಂದ ತಲೆ ಕೆಟ್ಟಿದೆ ಎಂದು ಮುಖ ಮುಖ ನೋಡಿಕೊಳ್ಳುತ್ತಿದ್ದರು.

ಅಜ್ಜನಿಗೆ ತಾನೇ ಹೇಳಬೇಕು ಎಂದು ಹಟ ಹಿಡಿದಳು. ಆಸ್ಪತ್ರೆಗೆ ನಾನೂ ಜೊತೆಗೆ ಹೋದೆ. ಅಜ್ಜ ದಿಂಬಿಗೆ ಒರಗಿದ್ದರು. ಬಲಗೈಗೆ ಹೆಗಲವರೆಗೂ ಪಟ್ಟಿ. ಅವಳು ಹಾಸಿಗೆಯ ಪಕ್ಕ ನಿಂತು, ಕೂತುಕೊಳ್ಳದೆ, ಕಲ್ಲು ಮೇಡಂ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಅಜ್ಜ ಕಣ್ಣು ಮುಚ್ಚಿ ಕೇಳಿಸಿಕೊಂಡರು.

"ಗೋಡೆ ಯಾವ ಕಡೆಗೆ ವಾಲಿತ್ತಂತೆ?" ಎಂದು ಕೇಳಿದರು.

"ನಮ್ಮ ಕಡೆಗೆ."

"ಗಡಿಯಾರಗಳೂ ಅದೇ ಕಡೆಗೆ ವಾಲ್ತಿದ್ವು," ಎಂದರು ಅಜ್ಜ. "ಎಲ್ಲಾ ಗಡಿಯಾರ ಒಂದೇ ಕಡೆ ವಾಲಿದ್ರೆ ತಪ್ಪು ಗೋಡೇದು ಅಂತ ಹೊಳೀಬೇಕಲ್ವಾ. ನಾನು ಕಾಗದ ಸಿಕ್ಕಿಸ್ತಾ ಕೂತೆ. ಇಡೀ ಆಯುಷ್ಯ ಅದೇ ಕೆಲಸ ಮಾಡಿದವನು."

"ಅಜ್ಜ, ನಿಮ್ಮ ಕೈ…"

"ಚಿಮಟ ಹಿಡಿಯೋಕಾಗಲ್ಲ ಅಂದ್ರು. ಚಮಚ ಹಿಡೀಬಹುದಂತೆ." ಕಣ್ಣು ತೆರೆದು ಅವಳನ್ನು ನೋಡಿದರು. "ನಂಗೆ ಬೇಜಾರಿಲ್ಲ ಅಂತ ಹೇಳಲ್ಲ. ಬೇಜಾರಿದೆ. ನೀನು ದಿನಾ ಬಂದು ಹೋಗು."

ಅವಳು ದಿನಾ ಹೋದಳು.

ಗುಂಡಿಯನ್ನು ಸಿಮೆಂಟಿನ ಗಂಜಿಯಿಂದ ತುಂಬುವ ಮೊದಲು, ಕ್ರೇನು ತಂದು ಮಷೀನನ್ನು ಮೇಲಕ್ಕೆತ್ತಿದರು. ನಾವೆಲ್ಲ ಹಗ್ಗದ ಈಚೆ ನಿಂತು ನೋಡಿದೆವು. ಅರ್ಧ ಮುಳುಗಿ ಬಹಳ ವಾರ ಬಿದ್ದಿದ್ದ ಮಷೀನು ಅದು. ಒಬ್ಬ ಕೆಲಸಗಾರ ಸಲಾಕೆ ಹಾಕಿ ಬಾಗಿಲು ತೆಗೆದು, ಒಳಗಿದ್ದ ಹೋಟೆಲಿನ ಮೇಜುಬಟ್ಟೆಯನ್ನು ಎಳೆದ. ಅದು ಬಟ್ಟೆಯ ಹಾಗೆ ಬರಲಿಲ್ಲ, ಹಲಗೆಯ ಹಾಗೆ ಬಂತು. ನೆಲಕ್ಕೆ ಇಟ್ಟರೆ ನಿಂತುಕೊಂಡಿತು. ನೀರಿನಲ್ಲಿದ್ದ ಅಂಚಿನಿಂದ ನೀರು ಬಟ್ಟೆಯ ಎಳೆಎಳೆಯಲ್ಲಿ ಮೇಲೇರಿ, ಆರಿ, ತನ್ನೊಳಗಿದ್ದ ಕಲ್ಲನ್ನು ಅಲ್ಲೇ ಬಿಟ್ಟು ಹೋಗಿತ್ತು. ಮಡಿಕೆಗಳ ತುಂಬ ಸೂಜಿಯಂಥ ಸಣ್ಣ ಹರಳುಗಳು ಬಿಸಿಲಿಗೆ ಮಿಂಚುತ್ತಿದ್ದವು. ನೋಡಲು ಸುಂದರವಾಗಿತ್ತು. ಅದಕ್ಕೇ ಇನ್ನಷ್ಟು ಭಯವಾಯಿತು.

ಲಾಂಡ್ರಿಯಕ್ಕ ಹಗ್ಗದ ಕೆಳಗೆ ನುಸುಳಿ ಹೋಗಿ ಅದರ ಮೇಲೆ ಬೆರಳಿಟ್ಟಳು. ಹರಳು ಮುರಿದು ಬೆರಳಿಗೆ ಅಂಟಿಕೊಂಡಿತು. ನಮ್ಮ ಬೀದಿಯ ನೆಲ ಅದು.

ಆ ಸಾಲಿನ ಅಂಗಡಿಗಳನ್ನು ಕೆಡವಿದರು. ಅಜ್ಜ ಕೈಗೆ ವ್ಯಾಯಾಮ ಮಾಡಿಸಿಕೊಳ್ಳಲು ವಾರಕ್ಕೊಮ್ಮೆ ಆಸ್ಪತ್ರೆಗೆ ಬರುತ್ತಾರೆ. ಈಗ ಎಡಗೈಯಲ್ಲಿ ದೊಡ್ಡ ಗಡಿಯಾರಗಳ ಪೆಟ್ಟಿಗೆಗೆ ಪಾಲಿಶ್ ಹಾಕುವುದನ್ನು ಕಲಿಯುತ್ತಿದ್ದಾರೆ. ಒಳಗಿನ ಯಂತ್ರ ಮುಟ್ಟುವುದಿಲ್ಲ.

ಲಾಂಡ್ರಿಯಕ್ಕನಿಗೆ ಮತ್ತು ನಾದಿನಿಗೆ ಅದೇ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಕೆಲಸ ಸಿಕ್ಕಿತು. ಅಲ್ಲಿನ ಮೇಲ್ವಿಚಾರಕ ಒಳ್ಳೆಯ ಮನುಷ್ಯ. ಮೊದಲ ದಿನ ಮಷೀನುಗಳನ್ನು ತೋರಿಸಲು ಬಾಗಿಲು ತೆಗೆದು ನಿಂತ. ಲಾಂಡ್ರಿಯಕ್ಕ ಹೊಸ್ತಿಲ ಈಚೆಯೇ ನಿಂತಳು.

"ಇದರ ಕೆಳಗೆ ಏನಿದೆ?" ಎಂದು ಕೇಳಿದಳು.

"ಕೆಳಗೆ ಏನಿಲ್ಲಮ್ಮ, ಇದೇ ಕೊನೆ ಮಹಡಿ."

"ಅದರ ಕೆಳಗೆ."

ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ನಕ್ಕ. ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿ, ಕಟ್ಟಡದ ಕೆಲಸ ಗೊತ್ತಿದ್ದವರಿಗೆ ಫೋನು ಮಾಡಿದ. ಗಟ್ಟಿ ಕರಿಕಲ್ಲು ಎಂದರು ಅವರು. ಚರಂಡಿಯ ಮುಚ್ಚಳ ತೆಗೆಸಿ ಎಂದಳು. ತೆಗೆಸಿದ. ಒಂದು ಬಕೆಟ್ ನೀರು ಸುರಿದು, ಅದು ಹೊರಗಿನ ಮೋರಿಯಲ್ಲಿ ಬರುತ್ತದೆಯೇ ಎಂದು ಮೆಟ್ಟಿಲು ಹತ್ತಿ ಹೋಗಿ ನೋಡಿ ಬಂದಳು. ಬಂದಿತ್ತು. ಆದರೂ ಅವಳ ಕಾಲು ಹೊಸ್ತಿಲು ದಾಟಲು ಒಪ್ಪಲಿಲ್ಲ.

ಅವಳ ಹಿಂದೆ ನಿಂತಿದ್ದ ನಾದಿನಿ, ತಿಂಗಳುಗಟ್ಟಲೆ ಹೌದು, ಇಲ್ಲ ಎಂಬುದನ್ನು ಬಿಟ್ಟು ಏನನ್ನೂ ಆಡದಿದ್ದವಳು, ಅವಳನ್ನು ಬಳಸಿಕೊಂಡು ಒಳಗೆ ಹೋದಳು. ಕೋಣೆಯ ನಡುವೆ ನಿಂತು ಒಂದು ಸಲ ಹಿಮ್ಮಡಿ ಊರಿ ನೋಡಿದಳು. ಆಮೇಲೆ ರಾಶಿ ಬಿದ್ದಿದ್ದ ಹಾಸಿಗೆಬಟ್ಟೆಗಳ ಕಡೆಗೆ ಕಣ್ಣು ಹಾಯಿಸಿದಳು.

"ಅತ್ತಿಗೆ," ಎಂದಳು, "ಇಲ್ಲಿನವರಿಗೆ ರಕ್ತದ ಕಲೆಗೆ ಬಿಸಿನೀರು ಹಾಕಬಾರ್ದು ಅಂತ ಯಾರೂ ಹೇಳಿಕೊಟ್ಟಿಲ್ಲ. ನೋಡು, ಎಲ್ಲ ಕೂತುಬಿಟ್ಟಿದೆ. ಬಾ ಒಳಗೆ."

ಲಾಂಡ್ರಿಯಕ್ಕ ಒಳಗೆ ಹೋದಳು. ಗೋಡೆಯನ್ನು ಹಿಡಿದುಕೊಂಡೇ ಹೋದಳು ಎಂದು ಆ ಮೇಲ್ವಿಚಾರಕ ನನಗೆ ಹೇಳಿದ.